ಕೂಡಿ ಕಾದುವ ಆಟ, ಕೂಡಿ ಬಾಳುವ ಲೋಕ: ಅಂತರ್ಜಾಲದ ಪಾತ್ರಧಾರಿ ಆಟಗಳ ಒಂದು ತೌಲನಿಕ ವಿಮರ್ಶೆ

ಸಾಹಿತ್ಯ ಸಮಾವೇಶದ ಸ್ಮರಣ ಸಂಚಿಕೆಯಲ್ಲಿ ಕಾವ್ಯ, ಶಾಸನ, ಜಾನಪದ, ಗಡಿನಾಡಿನ ಕನ್ನಡ ಶಾಲೆಗಳ ಸ್ಥಿತಿಗತಿ ಮುಂತಾದ ವಿಷಯಗಳಿರುವುದು ವಾಡಿಕೆ. ಅವುಗಳ ನಡುವೆ ಕಂಪ್ಯೂಟರ್ ಆಟಗಳ ವಿಮರ್ಶೆಗೇನು ಕೆಲಸವೆಂದು ಹಿರಿಯ ಓದುಗರು ಹುಬ್ಬೇರಿಸಬಹುದು. ಎಪ್ಪತ್ತು ದಾಟಿದ ನಿವೃತ್ತ ಮುಖ್ಯೋಪಾಧ್ಯಾಯನೊಬ್ಬ ಇದನ್ನು ಬರೆಯುತ್ತಿರುವುದು ಇನ್ನೂ ವಿಚಿತ್ರವೆನಿಸೀತು. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಸಭೆಯಲ್ಲಿ, ಈ ಆಟಗಳು ಮಕ್ಕಳಿಗೆ ಕೊಲ್ಲುವುದನ್ನೂ ಸ್ವಾರ್ಥವನ್ನೂ ಬಿಟ್ಟು ಬೇರೇನನ್ನೂ ಕಲಿಸವು ಎಂದು ನಾನು ಭಾಷಣ ಮಾಡಿದ್ದೆ. ಚಪ್ಪಾಳೆಯೂ ಬಿದ್ದಿತ್ತು. ಆ ದಿನದವರೆಗೆ ನಾನು ಅಂಥ ಒಂದು ಆಟವನ್ನೂ ಕಂಡಿರಲಿಲ್ಲ. ಪಾಠ ಓದದೆ ಉತ್ತರ ಬರೆದ ವಿದ್ಯಾರ್ಥಿಗಳಿಗೆ ಮೂವತ್ತು ವರ್ಷ ಸೊನ್ನೆ ಕೊಟ್ಟವನು ನಾನು. ಅದೇ ನ್ಯಾಯ ನನಗೂ ಅನ್ವಯಿಸಬೇಕಲ್ಲವೇ? ಈ ಲೇಖನವು ಆ ಭಾಷಣದ ತಿದ್ದುಪಡಿ.

2021ರ ಮೇ ತಿಂಗಳು. ಕೋವಿಡ್‌ನ ಎರಡನೆಯ ಅಲೆಯ ಕಾಲ. ಬೆಂಗಳೂರಿನಲ್ಲಿ ಓದುತ್ತಿದ್ದ ಮಗಳ ಮಗ ಸೋಮಂದೇಪಲ್ಲಿಯ ನಮ್ಮ ಮನೆಯಲ್ಲಿ ಬಂದು ಉಳಿದಿದ್ದ. ಆಗ ಅವನಿಗೆ ಹದಿನೇಳು ವರ್ಷ. ಒಂದು ರಾತ್ರಿ ಊಟಕ್ಕೆ ಎರಡು ಸಲ ಕರೆದರೂ ಲ್ಯಾಪ್‌ಟಾಪ್ ಬಿಟ್ಟು ಏಳಲಿಲ್ಲ. ತಟ್ಟೆಯಲ್ಲಿ ಮುದ್ದೆ ಆರುತ್ತಿತ್ತು. ಗದರಿಸಲೆಂದೇ ಹೋದೆ. ‘ತಾತ, ಹತ್ತು ನಿಮಿಷ ಕೊಡಿ. ನಾನು ಈಗ ಎದ್ದರೆ ಆ ಮೂವರೂ ಸಾಯ್ತಾರೆ’ ಎಂದ. ಆ ಮೂವರು ಯಾರೆಂದು ಕೇಳಿದೆ. ‘ಗೊತ್ತಿಲ್ಲ ತಾತ, ಈಗ ತಾನೇ ಸಿಕ್ಕವರು’ ಎಂದ. ಹೆಸರು ಊರು ತಿಳಿಯದ ಮೂವರಿಗಾಗಿ ಹಸಿವನ್ನು ತಡೆದು ಕುಳಿತ ಹುಡುಗನನ್ನು ಸ್ವಾರ್ಥಿ ಎನ್ನುವುದು ಹೇಗೆ? ನಾನೂ ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತೆ. ಆ ಬೇಸಿಗೆಯ ಅನೇಕ ರಾತ್ರಿಗಳು ಹಾಗೆಯೇ ಕಳೆದವು. ಅವನು ಆಡಿ ತೋರಿಸಿದ್ದನ್ನೂ, ಅನಂತರ ನಾನಾಗಿ ಓದಿ ತಿಳಿದುಕೊಂಡದ್ದನ್ನೂ ಆಧಾರವಾಗಿಟ್ಟುಕೊಂಡು ಇಲ್ಲಿ ಎರಡು ವಿಷಯಗಳನ್ನು ತೂಗಿ ನೋಡಿದ್ದೇನೆ. ಒಂದು, ಈ ಆಟಗಳಲ್ಲಿ ಕಾಳಗದ ಸಹಕಾರ. ಎರಡು, ಆ ಕಾಳಗ ನಡೆಯುವ ಲೋಕದ ರಚನೆ.

ಯಾವ ಆಟಗಳು?

ಮೊದಲು ಒಂದು ಸ್ಪಷ್ಟನೆ ಅಗತ್ಯ. ಹಣ ಕಟ್ಟಿ ಆಡುವ ರಮ್ಮಿ ಮೊದಲಾದ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ. ಅವು ನಮ್ಮ ಚರ್ಚೆಯ ವಸ್ತುವಲ್ಲ. ನಮ್ಮ ಹಳ್ಳಿಗಳ ಹುಡುಗರು ಅರಳೀಕಟ್ಟೆಯ ಮೇಲೆ ಕುಳಿತು ಆಡುತ್ತಿದ್ದ, 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ನಿಷೇಧಿಸಿದ ಪಬ್‌ಜಿಯೂ ಅಲ್ಲ. ಅದು ಅರ್ಧ ಗಂಟೆಯಲ್ಲಿ ಮುಗಿಯುವ ಕಾಳಗ. ಕೊನೆಗೆ ಉಳಿದವರು ಗೆದ್ದಂತೆ. ನಾನು ಹೇಳುವ ಆಟಗಳಲ್ಲಿ ಆಟಗಾರನು ಒಂದು ಪಾತ್ರವನ್ನು ಧರಿಸಿ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅದನ್ನು ಬೆಳೆಸುತ್ತಾನೆ. ಸಾವಿರಾರು ಜನರು ಒಂದೇ ಕಲ್ಪಿತ ಲೋಕದಲ್ಲಿ ಏಕಕಾಲಕ್ಕೆ ಓಡಾಡುತ್ತಾರೆ.

ಈ ಆಟಗಳ ಮೂಲ ಸಾಹಿತ್ಯಕ್ಕೆ ನಾವು ತಿಳಿದಿರುವುದಕ್ಕಿಂತ ಹತ್ತಿರದ್ದು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಿಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಮೇಜಿನ ಸುತ್ತ ಕುಳಿತವರು ಮಾತಿನಲ್ಲೇ ಕಥೆ ಕಟ್ಟುತ್ತ, ದಾಳ ಹಾಕುತ್ತ ಆಡುವ ಆಟವದು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಅಂಥದೊಂದು ಲೋಕವನ್ನು ಕಂಪ್ಯೂಟರಿಗೆ ತಂದರು; ಅದರ ಹೆಸರು ‘ಮಡ್’. ಅದರಲ್ಲಿ ಒಂದೂ ಚಿತ್ರವಿರಲಿಲ್ಲ. ಕಾಡು, ಗುಹೆ, ಸೇತುವೆ ಎಲ್ಲವೂ ಬರಿಯ ವರ್ಣನೆ. ಆಟಗಾರನು ಅಕ್ಷರಗಳಲ್ಲಿ ಅಪ್ಪಣೆ ಕೊಟ್ಟು ಮುಂದೆ ಸಾಗಬೇಕು. 1997ರ ‘ಅಲ್ಟಿಮಾ ಆನ್‌ಲೈನ್’, 1999ರ ‘ಎವರ್‌ಕ್ವೆಸ್ಟ್’, 2004ರ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’, 2012ರ ‘ಗಿಲ್ಡ್ ವಾರ್ಸ್ 2’, 2013ರಲ್ಲಿ ಮರುಹುಟ್ಟು ಪಡೆದ ‘ಫೈನಲ್ ಫ್ಯಾಂಟಸಿ 14’ ಇವೆಲ್ಲ ಆ ವಂಶದ ಕುಡಿಗಳು.

ಕಾಳಗದಲ್ಲಿ ಮೂರು ಕೆಲಸ

ಈ ಆಟಗಳ ಕಾಳಗದಲ್ಲಿ ಸಾಮಾನ್ಯವಾಗಿ ಮೂರು ಪಾಲು. ಶತ್ರುವಿನ ಕೋಪವನ್ನೆಲ್ಲ ತನ್ನತ್ತ ಸೆಳೆದು ಪೆಟ್ಟು ತಿನ್ನುವವನು ಒಬ್ಬ; ಅವನನ್ನು ‘ಟ್ಯಾಂಕ್’ ಎನ್ನುತ್ತಾರೆ. ಗಾಯ ಮಾಯಿಸುವವನು ಇನ್ನೊಬ್ಬ, ಅವನು ‘ಹೀಲರ್’. ಉಳಿದವರು ಹೊಡೆಯುವವರು. ಇಂಗ್ಲಿಷ್ ಪಾಠದಲ್ಲಿ ‘ಟ್ಯಾಂಕ್’ ಎಂಬ ಪದಕ್ಕೆ ಕೆರೆ ಎಂದೇ ಅರ್ಥ ಹೇಳಿಕೊಂಡು ಬಂದ ನನಗೆ ಮೊದಲು ನಗು ಬಂತು. ಯೋಚಿಸಿದರೆ ಹೋಲಿಕೆ ಅಷ್ಟೇನೂ ದೂರವಲ್ಲ. ಮಳೆಯ ನೀರಿನ ರಭಸವನ್ನೆಲ್ಲ ಕೆರೆಯ ಏರಿ ಎದೆಯೊಡ್ಡಿ ತಡೆಯುವುದರಿಂದಲೇ ಕೆಳಗಿನ ಗದ್ದೆ ಉಳಿಯುತ್ತದೆ. ಹೀಲರ್‌ನ ಕೆಲಸವೋ ನಮ್ಮ ನೀರುಗಂಟಿಯದು. ಅವನ ಬಳಿಯಿರುವ ಶಕ್ತಿ ಅಳತೆಯದು. ಯಾರ ಗದ್ದೆ ಒಣಗುತ್ತಿದೆ, ಯಾರದು ಇನ್ನೊಂದು ಗಳಿಗೆ ತಾಳುತ್ತದೆ ಎಂದು ನೋಡಿ ಹಂಚಬೇಕು. ಮೊದಲೇ ಸುರಿದರೆ ವ್ಯರ್ಥ, ತಡವಾದರೆ ಸಾವು. ನನ್ನ ಮೊಮ್ಮಗ ಆ ರಾತ್ರಿ ನೀರುಗಂಟಿಯಾಗಿದ್ದ.

ಈ ಹಂಚಿಕೆಯ ಮಹತ್ವ ಭಾರತದ ಕಥೆ ಬಲ್ಲ ನಮಗೆ ಹೊಸದಲ್ಲ. ಕುಮಾರವ್ಯಾಸನ ದ್ರೋಣಪರ್ವವನ್ನು ಗಮಕಿಗಳ ಬಾಯಲ್ಲಿ ಕೇಳಿದವರು ಅಭಿಮನ್ಯುವಿನ ಶೌರ್ಯಕ್ಕೆ ಕಣ್ಣೀರಿಡುತ್ತಾರೆ. ಅಲ್ಲಿ ಸೋತದ್ದು ಶೌರ್ಯವಲ್ಲ, ಕೂಟ. ವ್ಯೂಹವನ್ನು ಹೊಗುವುದು ಬಾಲಕನಿಗೆ ಗೊತ್ತು, ಹೊರಬರುವುದು ಗೊತ್ತಿಲ್ಲ. ಅದನ್ನು ತಿಳಿದೇ ಭೀಮಾದಿಗಳು ಬೆನ್ನಿಗೆ ಬರುವುದಾಗಿ ಮಾತು ಕೊಟ್ಟಿದ್ದರು. ಸೈಂಧವನು ಬಾಗಿಲಲ್ಲಿ ನಿಂತು ಅವರನ್ನು ತಡೆದ. ಮುಂದೆ ಹೋದವನು ಒಂಟಿಯಾದ. ಆನ್‌ಲೈನ್ ಆಟಗಳಲ್ಲಿ ದಿನವೂ ತಂಡಗಳು ಸೋಲುವುದು ಹೀಗೆಯೇ: ಮುಂದಿನವನು ಹಿಂದಿನವನಿಗೆ ಕಾಯಲಿಲ್ಲ, ಇಲ್ಲವೇ ಹಿಂದಿನವನು ಮುಂದಿನವನನ್ನು ತಲುಪಲಿಲ್ಲ. ಇಲ್ಲಿ ಸೋತವರು ಮತ್ತೆ ಎದ್ದು, ತಪ್ಪು ಯಾರದೆಂದು ಮಾತಾಡಿ, ಪುನಃ ಪ್ರಯತ್ನಿಸುತ್ತಾರೆ. ಅಭಿಮನ್ಯುವಿಗೆ ಆ ಅವಕಾಶವಿರಲಿಲ್ಲ.

ಈಗ ಆಟಗಳನ್ನು ಒಂದರ ಪಕ್ಕ ಒಂದಿಟ್ಟು ನೋಡೋಣ. ‘ಫೈನಲ್ ಫ್ಯಾಂಟಸಿ 14’ ಮೂರು ಕೆಲಸಗಳ ವಿಭಜನೆಯನ್ನು ಕಟ್ಟುನಿಟ್ಟಾಗಿ ಪಾಲಿಸುತ್ತದೆ. ನಾಲ್ವರ ತಂಡದಲ್ಲಿ ಒಬ್ಬ ತಡೆಯುವವನು, ಒಬ್ಬ ಮಾಯಿಸುವವನು, ಇಬ್ಬರು ಹೊಡೆಯುವವರು. ಯಾರು ಕೈಬಿಟ್ಟರೂ ಅದು ಕೂಡಲೇ ಕಾಣುತ್ತದೆ; ಹೊಣೆಗಾರಿಕೆ ತಪ್ಪಿಸಿಕೊಳ್ಳುವಂತಿಲ್ಲ. ಇದರಲ್ಲಿ ಇನ್ನೊಂದು ಸೊಗಸಾದ ಏರ್ಪಾಡಿದೆ. ಬಹಳ ಮುಂದುವರಿದ ಆಟಗಾರರೂ ದಿನದ ಬಹುಮಾನಕ್ಕಾಗಿ ಹಳೆಯ ಗುಹೆಗಳಿಗೆ ಮರಳಿ, ಹೊಸಬರ ಜೊತೆ ಸೇರಿ ಕಾದುವಂತೆ ಮಾಡಲಾಗಿದೆ. ತಂಡದಲ್ಲಿ ಮೊದಲ ಸಲ ಬಂದವನಿದ್ದರೆ ಎಲ್ಲರಿಗೂ ಹೆಚ್ಚಿನ ಬಹುಮಾನ. ಒಬ್ಬನೇ ಮಾಸ್ತರು ಐದು ತರಗತಿಗಳನ್ನು ನೋಡಿಕೊಳ್ಳುತ್ತಿದ್ದ ನಮ್ಮ ಹಳ್ಳಿ ಶಾಲೆಗಳಲ್ಲಿ ಐದನೆಯ ತರಗತಿಯ ಹುಡುಗ ಒಂದನೆಯ ತರಗತಿಯವನಿಗೆ ಅಕ್ಷರ ತಿದ್ದಿಸುತ್ತಿದ್ದ ಪದ್ಧತಿ ನೆನಪಾಯಿತು.

‘ಗಿಲ್ಡ್ ವಾರ್ಸ್ 2’ ಇದಕ್ಕೆ ವಿರುದ್ಧ ದಾರಿ ಹಿಡಿಯಿತು. ಮಾಯಿಸುವವನಿಗಾಗಿ ಕಾಯುತ್ತ ಕೂರುವುದೇಕೆ ಎಂದು ಅದರ ರಚನಕಾರರು ಕೇಳಿದರು. ಪ್ರತಿಯೊಬ್ಬನಿಗೂ ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುವ ವಿದ್ಯೆ ಕೊಟ್ಟರು. ಬಿದ್ದವನನ್ನು ಯಾರು ಬೇಕಾದರೂ ಎಬ್ಬಿಸಬಹುದು. ಒಬ್ಬ ರಾಕ್ಷಸನ ಮೇಲೆ ಇಪ್ಪತ್ತು ಜನ ಬಿದ್ದರೂ ಕೈಜೋಡಿಸಿದ ಎಲ್ಲರಿಗೂ ಫಲ ಸಿಗುತ್ತದೆ. ಒಬ್ಬನ ಪಾಲನ್ನು ಇನ್ನೊಬ್ಬ ಕಸಿಯಲಾಗದು. ಇದರ ಪರಿಣಾಮವನ್ನು ನಾನೇ ಕಂಡೆ. ದಾರಿಯಲ್ಲಿ ಹೋಗುತ್ತಿದ್ದ ಅಪರಿಚಿತನೊಬ್ಬ ಬಿದ್ದಿದ್ದ ನನ್ನ ಮೊಮ್ಮಗನನ್ನು ಎಬ್ಬಿಸಿ, ಕೈಬೀಸಿ, ಒಂದು ಮಾತೂ ಆಡದೆ ಮುಂದೆ ನಡೆದ. ಹಳೆಯ ಆಟಗಳಲ್ಲಿ ಅಪರಿಚಿತನೆಂದರೆ ಪೈಪೋಟಿಗಾರ; ಇಲ್ಲಿ ಅವನು ನೆರವು. ಆದರೆ ಇದಕ್ಕೆ ತೆತ್ತ ಬೆಲೆಯೂ ಇದೆ. ಎಲ್ಲರೂ ಎಲ್ಲವನ್ನೂ ಮಾಡಬಲ್ಲರಾದಾಗ ಯಾರ ಕೆಲಸವೂ ಅನಿವಾರ್ಯವಲ್ಲ. ಕಾಳಗ ಗುಂಪಿನ ಗದ್ದಲವಾಗುತ್ತದೆ. 2015ರಲ್ಲಿ ಹತ್ತು ಜನರ ಕಠಿಣ ಕಾಳಗಗಳನ್ನು ಸೇರಿಸಿದಾಗ ಮಾಯಿಸುವವನೂ ತಡೆಯುವವನೂ ಆ ಆಟಕ್ಕೆ ಹಿಂಬಾಗಿಲಿನಿಂದ ಮರಳಿ ಬಂದರು. ಕಷ್ಟ ಹೆಚ್ಚಿದಲ್ಲಿ ಕೆಲಸದ ಹಂಚಿಕೆ ತಾನಾಗಿ ಹುಟ್ಟುತ್ತದೆಂಬುದಕ್ಕೆ ಇದು ಸಾಕ್ಷಿ.

ಇನ್ನು 2020ರಲ್ಲಿ ಬಂದ ಚೀನಾದ ‘ಗೆನ್ಶಿನ್ ಇಂಪ್ಯಾಕ್ಟ್’. ಮೊಬೈಲಿನಲ್ಲೂ ಆಡಬಹುದಾದ್ದರಿಂದ ಇದರ ಹರಹು ದೊಡ್ಡದು. ಬೆಂಕಿ, ನೀರು, ಗಾಳಿ, ಮಿಂಚು ಮೊದಲಾದ ಏಳು ತತ್ತ್ವಗಳ ಪಾತ್ರಗಳಲ್ಲಿ ನಾಲ್ಕನ್ನು ಆರಿಸಿ ತಂಡ ಕಟ್ಟಬೇಕು. ಒಂದು ತತ್ತ್ವ ಇನ್ನೊಂದಕ್ಕೆ ಕೂಡಿದಾಗ ಹೊಸ ಪರಿಣಾಮ ಹುಟ್ಟುತ್ತದೆ. ಬುದ್ಧಿವಂತಿಕೆಯ ರಚನೆಯೆಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ನಾಲ್ಕು ಪಾತ್ರಗಳನ್ನೂ ಆಡಿಸುವವನು ಒಬ್ಬನೇ! ಬೇರೆಯವರ ಜೊತೆ ಆಡುವ ಅವಕಾಶವಿದ್ದರೂ ಅದು ಐಚ್ಛಿಕ ವಿಷಯ. ಹೊಸ ಪಾತ್ರಗಳು ಬೇಕೆಂದರೆ ಲಾಟರಿ ಎತ್ತಿದಂತೆ ಅದೃಷ್ಟ ಪರೀಕ್ಷಿಸಬೇಕು. ಅದಕ್ಕೆ ಜನ ದುಡ್ಡೂ ಸುರಿಯುತ್ತಾರೆ. ಇಲ್ಲಿ ತಂಡವುಂಟು, ಜೊತೆಗಾರನಿಲ್ಲ. ಸಹಕಾರವು ಮನುಷ್ಯರ ನಡುವಿನ ಸಂಬಂಧವಾಗದೆ ಒಬ್ಬನ ಜೇಬಿನಲ್ಲಿರುವ ಆಸ್ತಿಯಾಗಿದೆ. ಮೇಲ್ನೋಟಕ್ಕೆ ಅತ್ಯಂತ ಸುಂದರವಾದ ಈ ಆಟವನ್ನು ನಾನು ಸಹಕಾರದ ತಕ್ಕಡಿಯಲ್ಲಿ ಕೊನೆಗಿಡುತ್ತೇನೆ.

ಲೋಕದ ರಚನೆ

ಕಾಳಗವಷ್ಟೇ ಚೆನ್ನಾಗಿದ್ದರೆ ಸಾಲದು. ಅದು ನಡೆಯುವ ನೆಲವೂ ನಂಬುವಂತಿರಬೇಕು. ನಮ್ಮೂರಿಗೆ ಹತ್ತಿರದ ಪೆನುಕೊಂಡೆಯನ್ನು ನೋಡಿ. 1565ರ ತಾಳಿಕೋಟೆ ಯುದ್ಧದ ಬಳಿಕ ವಿಜಯನಗರದ ಅರಸರು ಇಲ್ಲಿ ನೆಲೆನಿಂತರು. ಬೆಟ್ಟ ಬೆನ್ನಿಗೆ, ಕೋಟೆ ಎದುರಿಗೆ, ನೀರು ಒಳಗೆ. ಯಾವ ಕಲ್ಲು ಎಲ್ಲಿದೆಯೋ ಅದಕ್ಕೊಂದು ಕಾರಣವಿದೆ. ಗಗನಮಹಲಿನ ಮುಂದೆ ನಿಂತ ಶಾಲಾ ಮಕ್ಕಳಿಗೆ ನಾನು ಇತಿಹಾಸ ಹೇಳುವ ಮೊದಲೇ ಅವರು ‘ಶತ್ರು ಯಾವ ಕಡೆಯಿಂದ ಬರುತ್ತಿದ್ದ ಸಾರ್?’ ಎಂದು ಕೇಳುತ್ತಿದ್ದರು. ಒಳ್ಳೆಯ ಲೋಕರಚನೆ ಹೀಗೆ ಪ್ರಶ್ನೆ ಹುಟ್ಟಿಸುತ್ತದೆ. ಅಂಥ ಲೋಕಕ್ಕೆ ಎರಡು ಲಕ್ಷಣಗಳಿರಬೇಕೆಂದು ನನಗನಿಸುತ್ತದೆ: ಅಲ್ಲಿ ದಾರಿಗೆ ಬೆಲೆಯಿರಬೇಕು, ಆದದ್ದರ ನೆನಪಿರಬೇಕು.

ದಾರಿಯ ಮಾತು ಮೊದಲು. ‘ಎವರ್‌ಕ್ವೆಸ್ಟ್’ನಲ್ಲಿ ಒಂದು ಖಂಡದಿಂದ ಇನ್ನೊಂದಕ್ಕೆ ಹೋಗಲು ಹಡಗಿಗಾಗಿ ಕಾಯಬೇಕಿತ್ತು. ಕೆಲವೇ ಮಂತ್ರವಾದಿಗಳು ಮಾತ್ರ ಇತರರನ್ನು ಕ್ಷಣದಲ್ಲಿ ದೂರದೂರಿಗೆ ಸಾಗಿಸಬಲ್ಲವರಾಗಿದ್ದು, ಅವರ ನೆರವನ್ನು ಬೇಡಬೇಕಿತ್ತು. ಸತ್ತರೆ ಒಡವೆ ವಸ್ತುಗಳೆಲ್ಲ ಹೆಣದ ಬಳಿಯೇ ಉಳಿಯುತ್ತಿದ್ದವು. ಅವನ್ನು ತರಲು ಮತ್ತೆ ಗೆಳೆಯರೇ ಬೇಕು. ಕಾಯುವ ಹೊತ್ತಿನಲ್ಲಿ ಮಾತು, ಮಾತಿನಿಂದ ಪರಿಚಯ. ನಮ್ಮ ರೈಲು ನಿಲ್ದಾಣಗಳ ಕಲ್ಲುಬೆಂಚಿನ ಸ್ನೇಹಗಳಂತೆ. ಇದರ ಕ್ರೌರ್ಯವನ್ನೂ ಮರೆಯಬಾರದು: ಹೆಣ ಹುಡುಕುತ್ತ ರಾತ್ರಿಯೆಲ್ಲ ಕಳೆಯುವ ಆಟವು ಸಂಸಾರವಂದಿಗರಿಗೂ ವಿದ್ಯಾರ್ಥಿಗಳಿಗೂ ಹೇಳಿಸಿದ್ದಲ್ಲ.

‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆ ಕ್ರೌರ್ಯವನ್ನು ತಗ್ಗಿಸಿತು. ಮೊದಮೊದಲು ಅದರ ದೊಡ್ಡ ಕಾಳಗಗಳಿಗೆ ನಲವತ್ತು ಜನ ಬೇಕಿತ್ತು. ನಲವತ್ತು ಜನರನ್ನು ಒಂದು ಹೊತ್ತಿಗೆ ಕೂಡಿಸುವುದೆಂದರೆ ಊರ ಜಾತ್ರೆ ಮಾಡಿದಷ್ಟು ಕಷ್ಟ. ಆದರೆ ಅದಕ್ಕಾಗಿ ಕಟ್ಟಿದ ಸಂಘಗಳು ವರ್ಷಗಟ್ಟಲೆ ಬಾಳಿದವು. 2009ರ ಡಿಸೆಂಬರ್‌ನಲ್ಲಿ ಒಂದು ಹೊಸ ಅನುಕೂಲ ಬಂತು. ಗುಂಡಿ ಒತ್ತಿದರೆ ಯಂತ್ರವೇ ಐವರು ಅಪರಿಚಿತರನ್ನು ಹುಡುಕಿ ತಂಡ ಮಾಡಿ, ಗುಹೆಯ ಬಾಗಿಲಿಗೆ ಒಯ್ದು ನಿಲ್ಲಿಸುತ್ತದೆ. ದಾರಿ ಮಾಯವಾಯಿತು. ದಾರಿಯ ಜೊತೆಗೆ ಊರೂ, ಊರಿನ ಜೊತೆಗೆ ಹೆಸರೂ ಮಾಯವಾದವು. ಕೆಟ್ಟದಾಗಿ ನಡೆದುಕೊಂಡವನಿಗೆ ನಾಳೆ ಮುಖ ತೋರಿಸುವ ಅಳುಕಿಲ್ಲ, ಒಳ್ಳೆಯವನನ್ನು ನಾಳೆ ಹುಡುಕುವ ಬಗೆಯಿಲ್ಲ. ಈ ಒಂದು ಸಂಗತಿಯಲ್ಲಿ ನನ್ನ ಲೇಖನದ ಸಾರವೇ ಅಡಗಿದೆ. ಲೋಕರಚನೆಯಲ್ಲಿ ಮಾಡಿದ ಬದಲಾವಣೆ ಕಾಳಗದ ಕೂಟವನ್ನು ಸಡಿಲಗೊಳಿಸಿತು. ಇವೆರಡನ್ನೂ ಬೇರೆ ಬೇರೆ ಅಂಕಪಟ್ಟಿಗಳಲ್ಲಿ ಅಳೆಯಲು ಬಾರದು.

ಇನ್ನು ನೆನಪಿನ ಮಾತು. ‘ಅಲ್ಟಿಮಾ ಆನ್‌ಲೈನ್’ನ ರಚನಕಾರರು ಹುಲ್ಲು, ಹುಲ್ಲು ಮೇಯುವ ಪ್ರಾಣಿ, ಅದನ್ನು ಬೇಟೆಯಾಡುವ ಮೃಗ ಹೀಗೆ ಒಂದು ಜೀವಜಾಲವನ್ನೇ ಹೆಣೆದಿದ್ದರಂತೆ. ಆಟಗಾರರು ಒಳಗೆ ಕಾಲಿಟ್ಟೊಡನೆ ಕಂಡ ಪ್ರಾಣಿಗಳನ್ನೆಲ್ಲ ಕೊಂದು ಮುಗಿಸಿದರು. ಆ ವ್ಯವಸ್ಥೆಯನ್ನೇ ಕೈಬಿಡಬೇಕಾಯಿತು. ಮನುಷ್ಯನ ಕೈಗೆ ಸಿಕ್ಕ ಕಾಡಿನ ಕಥೆ ಎಲ್ಲೆಡೆಯೂ ಒಂದೇ. ಅಂದಿನಿಂದ ಬಹುತೇಕ ಆಟಗಳು ಕೊಂದ ಪ್ರಾಣಿಯನ್ನು ಸ್ವಲ್ಪ ಹೊತ್ತಿನಲ್ಲೇ ಮತ್ತೆ ಹುಟ್ಟಿಸುತ್ತವೆ. ‘ಗಿಲ್ಡ್ ವಾರ್ಸ್ 2’ರಲ್ಲಿ ಶತ್ರುಗಳು ಹಳ್ಳಿಯನ್ನು ಹಿಡಿದರೆ ಅಂಗಡಿಗಳು ಮುಚ್ಚುತ್ತವೆ, ಆಟಗಾರರು ಬಿಡಿಸಿದರೆ ತೆರೆಯುತ್ತವೆ. ಬಹಳ ಚೆಲುವಾದ ಯೋಜನೆ. ಆದರೆ ಕೆಲ ಹೊತ್ತಿನ ಬಳಿಕ ಅದೇ ಹಳ್ಳಿ ಮತ್ತೆ ಶತ್ರುವಶ! ಕಾಪಾಡಿದವನ ನೆನಪು ಆ ಹಳ್ಳಿಗಿಲ್ಲ.

‘ಫೈನಲ್ ಫ್ಯಾಂಟಸಿ 14’ರ ಕಥೆ ಬೇರೆ. 2010ರಲ್ಲಿ ಬಿಡುಗಡೆಯಾದಾಗ ಅದು ಸೋತಿತ್ತು. ಸೋಲನ್ನು ಬಚ್ಚಿಡದೆ, ನವೋಕಿ ಯೊಶಿದಾ ಎಂಬ ಹೊಸ ನಿರ್ದೇಶಕರ ತಂಡ ಅದನ್ನು ಕಥೆಯಾಗಿಯೇ ಬಳಸಿಕೊಂಡಿತು. 2012ರ ನವೆಂಬರ್‌ನಲ್ಲಿ ಆಕಾಶದಿಂದ ಒಂದು ಚಂದ್ರ ಕಳಚಿಬಿದ್ದು ಹಳೆಯ ಲೋಕ ಪ್ರಳಯದಲ್ಲಿ ಮುಗಿಯಿತು. 2013ರ ಆಗಸ್ಟ್‌ನಲ್ಲಿ ಹೊಸ ಲೋಕ ತೆರೆಯಿತು. ಆ ಪ್ರಳಯದ ಗಾಯಗಳು ಇಂದಿಗೂ ಅಲ್ಲಿನ ಬಯಲುಗಳಲ್ಲಿ ಬೃಹತ್ ಹರಳುಗಳಾಗಿ ನಿಂತಿವೆ. ತನ್ನ ಸೋಲನ್ನು ಭೂಗೋಳವಾಗಿಸಿಕೊಂಡ ಇನ್ನೊಂದು ಆಟವನ್ನು ನಾನು ಕಾಣೆ. ಹಾಗಿದ್ದೂ ಅಲ್ಲೊಂದು ದೊಡ್ಡ ಕೊರತೆಯಿದೆ. ಲೋಕವನ್ನು ಉಳಿಸಬಲ್ಲ ವೀರ ನೀನೊಬ್ಬನೇ ಎಂದು ಆ ಕಥೆ ಪ್ರತಿಯೊಬ್ಬನಿಗೂ ಹೇಳುತ್ತದೆ. ಲಕ್ಷಾಂತರ ಜನರಿಗೆ ಒಬ್ಬೊಬ್ಬರಿಗೂ ಇದನ್ನೇ ಹೇಳಿದರೆ, ಪಕ್ಕದಲ್ಲಿ ನಿಂತು ಪೆಟ್ಟು ತಿಂದವನು ಕಥೆಯಲ್ಲಿ ಯಾರು? ಕಾಳಗ ಕೂಡಿ ಮಾಡಿದ್ದು, ಕೀರ್ತಿ ಒಬ್ಬನಿಗೆ.

ಲೋಕವೂ ಕೂಟವೂ ನಿಜವಾಗಿ ಒಂದಾದ ಘಟನೆಯೆಂದರೆ ಯಾರೂ ಯೋಜಿಸದೆ ನಡೆದದ್ದು. 2005ರ ಸೆಪ್ಟೆಂಬರ್‌ನಲ್ಲಿ ‘ವಾರ್‌ಕ್ರಾಫ್ಟ್’ನ ಒಂದು ಗುಹೆಯಲ್ಲಿ ಮಾತ್ರ ಇರಬೇಕಾಗಿದ್ದ ಅಂಟುಪಿಡುಗು, ತಾಂತ್ರಿಕ ದೋಷದಿಂದ ಹೊರಬಂದು ನಗರಗಳಿಗೆ ಹಬ್ಬಿತು. ಕೆಲವರು ನಗರ ಬಿಟ್ಟು ಓಡಿದರು. ಕೆಲವರು ಬೇಕೆಂದೇ ರೋಗ ಹರಡಿದರು. ಮಾಯಿಸುವ ವಿದ್ಯೆಯುಳ್ಳ ಕೆಲವರು ಯಾವ ಬಹುಮಾನವೂ ಇಲ್ಲದಿದ್ದರೂ ಬೀದಿಯಲ್ಲಿ ನಿಂತು ಅಪರಿಚಿತರನ್ನು ಉಳಿಸಲು ಹೆಣಗಿದರು. ಸಾಂಕ್ರಾಮಿಕ ರೋಗಗಳ ತಜ್ಞರು 2007ರಲ್ಲಿ ಇದನ್ನು ಕುರಿತು ‘ಲ್ಯಾನ್ಸೆಟ್ ಇನ್ಫೆಕ್ಷಿಯಸ್ ಡಿಸೀಸಸ್’ ಪತ್ರಿಕೆಯಲ್ಲಿ ಬರೆದರು. ಮೊಮ್ಮಗ ಇದನ್ನು ಹೇಳಿದ್ದು 2021ರ ಮೇ ತಿಂಗಳ ರಾತ್ರಿಯಲ್ಲಿ. ಹೊರಗೆ ಬೀದಿಯಲ್ಲಿ ಮಗ್ಗದ ಸದ್ದೂ ನಿಂತಿತ್ತು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ತೀರ್ಮಾನ ಮತ್ತು ಒಂದು ಆಕ್ಷೇಪ

ಹೊಣೆಯನ್ನು ಕಲಿಸುವುದರಲ್ಲಿ ‘ಫೈನಲ್ ಫ್ಯಾಂಟಸಿ 14’ ಮುಂದು. ಅಪರಿಚಿತರಲ್ಲಿ ಸೌಹಾರ್ದ ಬೆಳೆಸುವುದರಲ್ಲಿ ‘ಗಿಲ್ಡ್ ವಾರ್ಸ್ 2’ ಮುಂದು. ಒಬ್ಬರಿಗೊಬ್ಬರು ಬೇಕೇ ಬೇಕೆನ್ನುವ ಲೋಕ ಕಟ್ಟಿದ್ದು ‘ಎವರ್‌ಕ್ವೆಸ್ಟ್’ ಮತ್ತು ಆರಂಭದ ‘ವಾರ್‌ಕ್ರಾಫ್ಟ್’. ಒಂದನ್ನೇ ಆರಿಸಬೇಕೆಂದರೆ ನಾನು ‘ಗಿಲ್ಡ್ ವಾರ್ಸ್ 2’ನ್ನು ಆರಿಸುವೆ. ಹೊಣೆಯನ್ನು ಶಾಲೆಯಲ್ಲೂ ಮನೆಯಲ್ಲೂ ಕಲಿಸಬಹುದು. ಬಿದ್ದ ಅಪರಿಚಿತನನ್ನು ಎಬ್ಬಿಸಿ ಮುಂದೆ ನಡೆಯುವ ಅಭ್ಯಾಸ ಇಂದು ಬೀದಿಯಲ್ಲೇ ಅಪರೂಪವಾಗಿದೆ.

ಆದರೂ ಇವೆಲ್ಲಕ್ಕೂ ಸಲ್ಲುವ ಒಂದು ಆಕ್ಷೇಪವಿದೆ. ಲೇಪಾಕ್ಷಿಯ ವೀರಭದ್ರ ದೇವಾಲಯದ ಮೇಲ್ಛಾವಣಿಯಲ್ಲಿ ಕಿರಾತಾರ್ಜುನೀಯದ ಚಿತ್ರಗಳಿವೆ. ಒಂದು ಹಂದಿಗಾಗಿ ಅರ್ಜುನ ಮತ್ತು ಬೇಡ ಕಾದಾಡುತ್ತಾರೆ. ಕಾದಾಡಿ ಸೋತ ಮೇಲೆ ಅರ್ಜುನನಿಗೆ ಎದುರಾಳಿ ಯಾರೆಂಬ ಅರಿವಾಗುತ್ತದೆ. ಆ ಅರಿವೇ ಅವನಿಗೆ ದೊರೆತ ವರ. ಈ ಆಟಗಳಲ್ಲಿ ಎದುರಾಳಿಯೆಂದರೆ ತಲೆಯ ಮೇಲೆ ಕುಗ್ಗುತ್ತ ಹೋಗುವ ಒಂದು ಕೆಂಪು ಪಟ್ಟಿ. ಕಥಾಭಾಗದಲ್ಲಿ ಶತ್ರುವಿನ ದುಃಖವನ್ನು ಕೆಲವು ಆಟಗಳು ಹೇಳುವುದುಂಟು. ಕಾಳಗದಲ್ಲಿ ಅವನನ್ನು ಗುರುತಿಸುವ ಬಗೆಯಿಲ್ಲ. ನನ್ನ ಹಳೆಯ ಭಾಷಣದಲ್ಲಿ ಉಳಿಸಿಕೊಳ್ಳಬಹುದಾದ ಮಾತೆಂದರೆ ಇದೊಂದೇ. ಹೊತ್ತು ಗೊತ್ತಿಲ್ಲದೆ ಆಡುವ ಚಟದ ಬಗ್ಗೆ ಎಚ್ಚರ ಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಕನ್ನಡದ ಪಾಲು

ಇಷ್ಟು ದೊಡ್ಡ ಲೋಕಗಳಲ್ಲಿ ನಾನು ಒಂದು ಕನ್ನಡ ಅಕ್ಷರವನ್ನೂ ಕಾಣಲಿಲ್ಲ. ‘ಮೈನ್‌ಕ್ರಾಫ್ಟ್’ ಎಂಬ ಬೇರೊಂದು ಬಗೆಯ ಆಟದ ಪಟ್ಟಿಗಳನ್ನು ಸ್ವಯಂಸೇವಕರು ಕನ್ನಡಕ್ಕೆ ತಂದಿದ್ದಾರೆ; ಅವರಿಗೆ ವಂದನೆ. ಪುಣೆಯ ಸಂಸ್ಥೆಯೊಂದು 2020ರಲ್ಲಿ ‘ರಾಜಿ’ ಎಂಬ ಆಟದಲ್ಲಿ ನಮ್ಮ ಪುರಾಣಗಳ ಲೋಕವನ್ನು ಕಟ್ಟಿತು. ಆದರೆ ಅದು ಒಬ್ಬರೇ ಆಡುವ ಆಟ. ನೀರುಗಂಟಿ, ಗಮಕಿ, ಜಾತ್ರೆ, ಕೆರೆ ಏರಿಯ ಕಾವಲು ಇವೆಲ್ಲ ಕೂಡಿ ಬಾಳಿದ ಜನರ ಪದಗಳು. ಇವುಗಳ ಮೇಲೆ ಕಟ್ಟಿದ ಒಂದು ಲೋಕ ಏಕಿರಬಾರದು? ಮಡಕಶಿರಾ ಭಾಗದ ಕನ್ನಡ ಶಾಲೆಗಳಲ್ಲಿ ಪಾಠ ಹೇಳಿದ ನಾನು ಗಡಿಯಲ್ಲಿ ಭಾಷೆ ಸವೆಯುವ ಬಗೆಯನ್ನು ಬಲ್ಲೆ. ಮಕ್ಕಳು ಭಾಷೆಯನ್ನು ದ್ವೇಷಿಸಿ ಬಿಡುವುದಿಲ್ಲ. ತಮಗೆ ಪ್ರಿಯವಾದ ಕೆಲಸದಲ್ಲಿ ಅದು ಉಪಯೋಗಕ್ಕೆ ಬಾರದಾದಾಗ ಬಿಡುತ್ತಾರೆ.

ಆ ಬೇಸಿಗೆಯಲ್ಲಿ ಮೊಮ್ಮಗ ನನಗೆ ಆಟ ವಿವರಿಸಲು ಹೊರಟಾಗ ಅವನಿಗೆ ಕನ್ನಡ ಸಾಲಲಿಲ್ಲ, ನನಗೆ ಇಂಗ್ಲಿಷ್ ಹೊಂದಲಿಲ್ಲ. ಇಬ್ಬರೂ ಕುಳಿತು ಹಳೆಯ ನೋಟುಪುಸ್ತಕದಲ್ಲಿ ಪದಗಳನ್ನು ಬರೆದೆವು. ಟ್ಯಾಂಕಿಗೆ ‘ತಡೆಗಾರ’, ಹೀಲರ್‌ಗೆ ‘ನೀರುಗಂಟಿ’, ಹೊಡೆಯುವವರಿಗೆ ‘ಬಿಲ್ಲಾಳು’. ಹೀಗೆ ನಲವತ್ತಕ್ಕೂ ಹೆಚ್ಚು ಪದಗಳಾದವು. ಐದು ತರಗತಿಗಳ ಕನ್ನಡ ಪಠ್ಯ ಮಾಡದ ಕೆಲಸವನ್ನು ಆ ಪುಸ್ತಕ ಮಾಡಿತು. ಈಗಲೂ ಫೋನಿನಲ್ಲಿ ‘ತಾತ, ಇವತ್ತು ನೀರುಗಂಟಿ ಕೆಲಸ ಚೆನ್ನಾಗಿ ಆಯ್ತು’ ಎನ್ನುತ್ತಾನೆ.

ಪಾಲಕರಲ್ಲಿಯೂ ಉಪಾಧ್ಯಾಯ ಬಂಧುಗಳಲ್ಲಿಯೂ ನನ್ನದೊಂದು ವಿನಂತಿ. ಮುಂದಿನ ಸಲ ಆಟದಲ್ಲಿ ಮುಳುಗಿದ ಮಗುವನ್ನು ಗದರಿಸುವ ಮುನ್ನ ಎರಡು ಪ್ರಶ್ನೆ ಕೇಳಿ: ಯಾರ ಜೊತೆ ಆಡುತ್ತಿದ್ದೀಯೆ? ಅದರಲ್ಲಿ ನಿನ್ನ ಕೆಲಸವೇನು? ಉತ್ತರ ಕೇಳಿದ ಮೇಲೆ ಗದರಿಸಬೇಕೋ, ಕುರ್ಚಿ ಎಳೆದುಕೊಳ್ಳಬೇಕೋ ನೀವೇ ನಿರ್ಧರಿಸಿ. ಕನ್ನಡದಲ್ಲೇ ಕೇಳಿ ಎಂಬುದಷ್ಟೇ ನನ್ನ ಬೇಡಿಕೆ.